ಅತ್ತಿಗೆಯ ಹೊಸ ಕಂಪ್ಯೂಟರಿಗೆ ಬೇಕಾದದ್ದು

೪ ಜೂನ್

ಪ್ರೀತಿಯ ಚೂಟಿ,

ನಾನು ಕಂಪ್ಯೂಟರ್ ಕೊಂಡೆ. ಓದುವುದನ್ನು ಇಲ್ಲಿಗೇ ನಿಲ್ಲಿಸಿ ಒಮ್ಮೆ ನಕ್ಕುಬಿಡು, ಆಮೇಲೆ ಮುಂದಕ್ಕೆ ಹೋಗು. ಇಷ್ಟು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತು ‘ಪ್ರಯಾಣಿಕರ ಗಮನಕ್ಕೆ’ ಎಂದವಳಿಗೆ ಗೊತ್ತಿರುವ ಯಂತ್ರವಿದ್ಯೆ ಒಂದೇ: ಕೆಂಪು ದೀಪ ಹತ್ತಿದರೆ ಮಾತಾಡಬೇಕು, ಆರಿದರೆ ಸುಮ್ಮನಿರಬೇಕು. ಈಗ ಮನೆಯ ಮೇಜಿನ ಮೇಲೆ ಮಡಚುವ ಕಂಪ್ಯೂಟರ್ ಬಂದು ಕೂತಿದೆ. ತಂದ ದಿನವೇ ನಿನ್ನಣ್ಣ ಅದನ್ನು ಬೋರಲು ಹಾಕಿ ಸ್ಕ್ರೂಗಳನ್ನು ನೋಡಿದರು. ತಕ್ಕಡಿ ರಿಪೇರಿ ಮಾಡುವವರಿಗೆ ಯಾವ ಯಂತ್ರ ಕಂಡರೂ ಅದೇ ಬುದ್ಧಿ. ನಾನು ಕೈಗೆ ಒಂದು ಪೆಟ್ಟು ಕೊಟ್ಟು ಕಿತ್ತುಕೊಂಡೆ.

ತೊಂದರೆ ಏನೆಂದರೆ, ಇದು ನಮ್ಮ ಆಫೀಸಿನಲ್ಲಿ ನೋಡಿದಂಥದ್ದಲ್ಲ. ಅಂಗಡಿಯವನು, “ಇದರ ಆಪರೇಟಿಂಗ್ ಸಿಸ್ಟಂ ಬೇರೆ ಅಮ್ಮಾ, ಪುಕ್ಕಟೆ, ವೈರಸ್ ಕಾಟ ಕಡಿಮೆ, ಎರಡು ದಿನದಲ್ಲಿ ಒಗ್ಗಿಹೋಗುತ್ತೆ” ಎಂದು ಚೀಲಕ್ಕೆ ಹಾಕಿ ಕೊಟ್ಟ. ಒಗ್ಗುವುದಿರಲಿ, ತಲೆಬುಡ ತಿಳಿಯುತ್ತಿಲ್ಲ. ಕೆಳಗಿನ ಮೂಲೆಯಲ್ಲಿ ಇರಬೇಕಾದ ಬಟನ್ ಇಲ್ಲ. ಆರಿಸುವುದು ಎಲ್ಲೆಂದು ಗೊತ್ತಾಗದೆ ಮೊದಲ ದಿನ ಮುಚ್ಚಳ ಮುಚ್ಚಿ ಮೇಲೆ ಟವಲು ಹೊದಿಸಿಟ್ಟೆ.

ನೀನು ಶಾಲೆಯಲ್ಲಿ ಮಕ್ಕಳಿಗೆ ಇದನ್ನೇ ಹೇಳಿಕೊಡುವವಳು. ಇದಕ್ಕೆ ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ, ಯಾವುದು ಬೇಡ, ಬಿಡಿಸಿ ಬರೆ. ನಮ್ಮ ಭಾಷೆಯಲ್ಲಿ ಬರೆಯಬೇಕು. ಬರೆದದ್ದನ್ನು ಕಂಪ್ಯೂಟರೇ ಗಟ್ಟಿಯಾಗಿ ಓದಿ ಹೇಳುವಂಥದ್ದು ಇದೆಯಂತೆ, ಅದು ಬೇಕು. ಉಳಿದದ್ದು ನಿನ್ನ ಇಷ್ಟ.

ಫೋನಿನಲ್ಲಿ ಹೇಳಬೇಡ. ಕಾಗದದಲ್ಲಿದ್ದರೆ ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಮಾಡಬಹುದು. ಸ್ವಲ್ಪ ಬೇಗ ಬರೆದರೆ ಒಳ್ಳೆಯದು. ಹೊಸ ಚಪ್ಪಲಿ ಕೊಂಡ ಮಗುವಿನ ಅವಸರ ಎಂದುಕೋ.

ನಿನ್ನ ಅತ್ತಿಗೆ

೯ ಜೂನ್

ಅತ್ತಿಗೆ,

ನಗು ಎಂದಿರಿ, ಲ್ಯಾಬಿನಲ್ಲಿ ಮಕ್ಕಳೆಲ್ಲ ತಿರುಗಿ ನೋಡುವ ಹಾಗೆ ನಕ್ಕೆ. ನೀವು ನನಗೆ ಕಾಗದ ಬರೆದು ಎಷ್ಟು ಕಾಲವಾಯಿತು.

ಹೆದರಬೇಡಿ. ಆಪರೇಟಿಂಗ್ ಸಿಸ್ಟಂ ಬದಲಾಗುವುದೆಂದರೆ ಬಾಡಿಗೆ ಮನೆ ಬದಲಾಯಿಸಿದ ಹಾಗೆ. ದೀಪ ಅದೇ, ನೀರು ಅದೇ, ಸ್ವಿಚ್ಚು ಮಾತ್ರ ಬೇರೆ ಗೋಡೆಯಲ್ಲಿರುತ್ತದೆ. ಒಂದು ವಾರ ಕತ್ತಲಲ್ಲಿ ತಡಕಾಡುತ್ತೀರಿ, ಆಮೇಲೆ ಕೈ ತಾನಾಗಿ ಹೋಗುತ್ತದೆ. ಆರಿಸುವುದು ಮೇಲಿನ ಬಲ ಮೂಲೆಯಲ್ಲಿದೆ. ಟವಲು ತೆಗೆಯಿರಿ, ಅದಕ್ಕೆ ಸೆಕೆಯಾಗುತ್ತದೆ.

ಹೊಸ ಕಂಪ್ಯೂಟರ್ ಕೊಂಡವರೆಲ್ಲ ಮಾಡುವ ತಪ್ಪೆಂದರೆ ಮೊದಲ ದಿನವೇ ಸಿಕ್ಕಿದ್ದನ್ನೆಲ್ಲ ತುಂಬುವುದು. ನೀವು ಹಾಗೆ ಮಾಡಬೇಡಿ. ಒಂದು ಕೆಲಸ ಎದುರಾದಾಗ ಅದಕ್ಕೊಂದು ಸಾಫ್ಟ್‌ವೇರ್, ಅಷ್ಟೇ. ಬರೆಯುವುದಕ್ಕೆ, ಇಂಟರ್ನೆಟ್ ನೋಡುವುದಕ್ಕೆ, ಫೋಟೊ ನೋಡುವುದಕ್ಕೆ ಬೇಕಾದದ್ದು ಅದರೊಳಗೇ ಇದೆ. ಬೇರೆ ಏನೇ ಬೇಕಾದರೂ ಕೈಚೀಲದ ಚಿತ್ರವಿರುವ ಗುರುತು ಒತ್ತಿ. ಅದೇ ಅದರ ಅಂಗಡಿ. ಹೆಸರು ಹುಡುಕಿ, ‘ಸ್ಥಾಪಿಸು’ ಎನ್ನಿ, ಬಂದುಬಿಡುತ್ತದೆ. ಇಂಟರ್ನೆಟ್ಟಿನಲ್ಲಿ ದೊಡ್ಡ ಹಸಿರು ಬಟನ್ ತೋರಿಸಿ ‘ಇಲ್ಲಿ ಒತ್ತಿ’ ಎನ್ನುವ ಕಡೆ ಮಾತ್ರ ಒತ್ತಬೇಡಿ. ಬಸ್‌ಸ್ಟ್ಯಾಂಡಿನಲ್ಲಿ ತಾನಾಗಿ ಬಂದು ಬ್ಯಾಗು ಹಿಡಿದುಕೊಳ್ಳುವವರ ಬಗ್ಗೆ ನೀವೇ ಪ್ರಯಾಣಿಕರಿಗೆ ಹೇಳುತ್ತೀರಲ್ಲ, ಇದೂ ಹಾಗೇ. ಕೆಲವು ಸಲ ಪಾಸ್‌ವರ್ಡ್ ಕೇಳುತ್ತದೆ. ನೀವು ಒತ್ತುವಾಗ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡದೆ ಇರಬಹುದು. ಕೀಲಿ ಕೆಟ್ಟಿದೆ ಅಂದುಕೊಳ್ಳಬೇಡಿ, ಅದು ಅದರ ನಾಚಿಕೆ.

ಗಟ್ಟಿಯಾಗಿ ಓದುವುದಕ್ಕೂ ಇದೆ. ಅತ್ತಿಗೆ, ಕಣ್ಣಾ? ಅದನ್ನು ಕೇಳುವವರು ಸಾಮಾನ್ಯವಾಗಿ ಕಣ್ಣು ಮಂಜಾದವರು. ಹಾಗಿದ್ದರೆ ಅಕ್ಷರ ದೊಡ್ಡದು ಮಾಡುವ ಕ್ರಮವನ್ನೂ, ಪರದೆಯ ಮೇಲಿದ್ದದ್ದನ್ನೆಲ್ಲ ಓದುವ ಸಾಫ್ಟ್‌ವೇರಿನ ಹೆಸರನ್ನೂ ಬೇರೆ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದೇನೆ.

ಇನ್ನೊಂದು ಮಾತು. ಫೋನ್ ಮಾಡಿದಾಗಲೆಲ್ಲ ಅಣ್ಣನೇ ಎತ್ತುತ್ತಾನೆ, “ಸ್ನಾನಕ್ಕೆ ಹೋಗಿದ್ದಾಳೆ” ಅನ್ನುತ್ತಾನೆ. ಬೆಳಿಗ್ಗೆಯೂ ಸ್ನಾನ, ಸಂಜೆಯೂ ಸ್ನಾನ. ನನ್ನ ಮೇಲೆ ಬೇಸರವೇ? ಅಪ್ಪ ಹೋದಮೇಲೆ ನಾನು ನಿಮ್ಮ ಊರಿಗೆ ಕಾಲಿಟ್ಟಿಲ್ಲ, ನನಗೆ ಗೊತ್ತು. ಬಸ್ಸು ಆ ಆಸ್ಪತ್ರೆಯ ಮುಂದೆಯೇ ತಿರುಗುತ್ತದೆ, ಅದಕ್ಕೇ. ಬೇಸರವಿದ್ದರೆ ಬಯ್ದುಬಿಡಿ. ನೀವು ಸುಮ್ಮನಿದ್ದರೆ ನನಗೆ ಕಷ್ಟ.

ನಿಮ್ಮ ಚೂಟಿ

೧೩ ಜೂನ್

ಚೂಟಿ, ನಿನನ ಪತರ ಸಿಕಕಿತು. ಬಹಳ ಸಂತೋಷ. ಆದರೆ ಒತತು ಬರುತತಿಲಲ. ಏನು ಮಾಡಲಿ.

ಮೇಲಿನ ಸಾಲು ನೋಡಿ ನಕ್ಕೆಯಾ? ಒಂದು ಇಡೀ ಬೆಳಗು ಅದಕ್ಕೇ ಹೋಯಿತು. ಅದನ್ನು ಹಾಗೇ ಬಿಟ್ಟಿದ್ದೇನೆ, ನನ್ನ ಮೊದಲ ಇ-ಮೇಲಿನ ನೆನಪಿಗೆ. ಕೊನೆಗೆ ನಿನ್ನಣ್ಣ ಪಕ್ಕದ ಸ್ಟೇಷನರಿ ಅಂಗಡಿಯವಳನ್ನು ಕರೆತಂದರು. ಎರಡು ಅಕ್ಷರದ ನಡುವೆ ಎಫ್ ಒತ್ತಿದರೆ ಒತ್ತು ಬರುತ್ತದೆ ಎಂದು ತೋರಿಸಿಕೊಟ್ಟಳು. ಆಮೇಲೆ ಸಂತೋಷಕ್ಕೆ ‘ಸ್ತ್ರೀ’ ಎಂದು ಹತ್ತು ಸಲ ಬರೆದೆ.

ಅಂಗಡಿಯ ಗುರುತು ಸಿಕ್ಕಿತು. ಆದರೆ ಅದರೊಳಗೆ ಹೋದರೆ ಸಂತೆಯಲ್ಲಿ ಕೈಬಿಟ್ಟ ಹಾಗಾಗುತ್ತದೆ. ಓದುವ ಸಾಫ್ಟ್‌ವೇರೇ ಏಳೆಂಟು ಇವೆ. ನೀನು ಹೇಳಿದ್ದನ್ನು ಹಾಕಿದೆ. ಅದು ನಾನು ಎಲ್ಲಿ ಒತ್ತಿದರೂ ಮಾತಾಡುತ್ತದೆ. ‘ಕಡತ’, ‘ಮುಚ್ಚು’, ‘ಕಸದ ಬುಟ್ಟಿ, ಖಾಲಿ’. ಅತ್ತೆಯವರು ಬದುಕಿದ್ದಾಗ ಹಿಂದೆ ಹಿಂದೆ ಬಂದು ಹೇಳುತ್ತಿದ್ದರಲ್ಲ, ಥೇಟ್ ಹಾಗೆ. ನನಗೆ ಬೇಕಾದದ್ದು ಅದಲ್ಲ. ನಾನು ಬರೆದ ಸಾಲನ್ನು ಮಾತ್ರ, ನಾನು ಹೇಳಿದಾಗ ಮಾತ್ರ ಓದಬೇಕು. ಬೇಗ ಬೇಗ ಓದಬೇಕು. ಅಂಥದ್ದು ಇದೆಯೇ?

ಕಣ್ಣು ಎಂದೆ. ಹೂಂ, ಕಣ್ಣೇ ಎಂದುಕೋ. ವಯಸ್ಸಾಯಿತಲ್ಲ.

ಬೇಸರ ಏನಿಲ್ಲ, ಹುಚ್ಚಿ. ನೀನು ಇಲ್ಲಿಗೆ ಬರದಿದ್ದುದೇ ಸರಿ. ನಿನ್ನನ್ನು ಮತ್ತೆ ಆ ದಾರಿಯಲ್ಲಿ ನಡೆಸಲು ನನಗೆ ಮನಸ್ಸಿಲ್ಲ. ಸ್ನಾನದ ವಿಷಯ ನಿನ್ನಣ್ಣನನ್ನು ಕೇಳು. ಆತನಿಗೆ ನೆಪ ಹುಡುಕುವುದೂ ಬರುವುದಿಲ್ಲ.

ನಿನ್ನ ಅತ್ತಿಗೆ

೧೯ ಜೂನ್

ಅತ್ತಿಗೆ,

ತಡವಾಯಿತು. ಲ್ಯಾಬಿನಲ್ಲಿ ಕೆಲಸವಿತ್ತು.

ಹಿಂದಿನ ಹಾಳೆಯನ್ನು ಹರಿದುಹಾಕಿ. ಪರದೆ ಓದುವ ಸಾಫ್ಟ್‌ವೇರನ್ನು ತೆಗೆದುಬಿಡಿ, ಅದು ನಿಮಗಲ್ಲ. ನಾನು ತಪ್ಪಾಗಿ ತಿಳಿದಿದ್ದೆ. ಈಗ ಹೇಳುವುದು ಬೇರೆ ಬಗೆಯದು. ಒಂದು ಖಾಲಿ ಚೌಕ ಬರುತ್ತದೆ, ಅದರಲ್ಲಿ ಬರೆದು ಎಂಟರ್ ಒತ್ತಿದರೆ ಆ ಸಾಲನ್ನು ಹೇಳುತ್ತದೆ. ಬದಿಯಲ್ಲಿ ದೊಡ್ಡ ಗುಂಡಿಗಳಿವೆ. ದಿನವೂ ಬಳಸುವ ಮಾತುಗಳನ್ನು ಅವಕ್ಕೆ ಹಾಕಿಟ್ಟರೆ ಒಂದೇ ಸಲ ಒತ್ತಿದರಾಯಿತು. ‘ಹೌದು’, ‘ಬೇಡ’, ‘ನೀರು’, ‘ತಲೆದಿಂಬು ಎತ್ತರಿಸಿ’. ಉದಾಹರಣೆಗೆ ಹೇಳಿದೆ. ಅದಕ್ಕೆ ಇಂಟರ್ನೆಟ್ ಬೇಕಿಲ್ಲ, ಎಲ್ಲಿಗೆ ಒಯ್ದರೂ ನಡೆಯುತ್ತದೆ. ಈಗಲೇ ಅಭ್ಯಾಸ ಮಾಡಿ. ಕಣ್ಣಿಗೂ ಒಳ್ಳೆಯದು.

ಅದರ ದನಿ ಚೆನ್ನಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಡಬ್ಬದೊಳಗಿಂದ ಮಾತಾಡಿದ ಹಾಗಿರುತ್ತದೆ. ‘ಳ’ ಮತ್ತು ‘ಲ’ ಅದಕ್ಕೆ ಒಂದೇ. ಇದ್ದವುಗಳನ್ನೆಲ್ಲ ಹಾಕಿ, ಕೇಳಿ, ತೆಗೆದು, ಮತ್ತೆ ಹಾಕಿ ನೋಡಿದೆ. ಇದ್ದುದರಲ್ಲಿ ಇದೇ ಬೇಗ ಅರ್ಥವಾಗುವಂಥದ್ದು.

ಈಗ ನನಗೊಂದು ಉಪಕಾರ. ಶಾಲೆಯಲ್ಲಿ ಧ್ವನಿಮುದ್ರಣದ ಪಾಠ ಶುರುಮಾಡುತ್ತಿದ್ದೇನೆ. ಮಕ್ಕಳು ಕತ್ತರಿಸಿ ಜೋಡಿಸುವುದಕ್ಕೆ ಒಳ್ಳೆಯ ದನಿಯ ಮಾದರಿ ಬೇಕು. ನಿಮ್ಮದಕ್ಕಿಂತ ಒಳ್ಳೆಯದನ್ನು ನಾನು ಎಲ್ಲಿ ಹುಡುಕಲಿ? ಕೈಚೀಲದ ಅಂಗಡಿಯಿಂದ ರೆಕಾರ್ಡಿಂಗ್ ಸಾಫ್ಟ್‌ವೇರನ್ನೂ ಹಾಕಿಕೊಳ್ಳಿ, ಹೆಸರು ಕೆಳಗಿದೆ. ನಿಮ್ಮ ನಿಲ್ದಾಣದ ಊರುಗಳ ಹೆಸರು, ಅಂಕಿಗಳು, ವಾರಗಳು, ‘ಹೊರಡಲಿದೆ’, ‘ತಡವಾಗಿದೆ’, ‘ಪ್ಲಾಟ್‌ಫಾರ್ಮ್’. ಒಂದೊಂದನ್ನೂ ನಿಧಾನವಾಗಿ, ನಡುವೆ ಉಸಿರು ಬಿಟ್ಟು ಓದಿ. ಅದು ಮುಗಿದ ಮೇಲೆ ಮನೆಯಲ್ಲಿ ಆಡುವ ಮಾತುಗಳನ್ನೂ ಓದಿ. ಅಣ್ಣನನ್ನು ಬಯ್ಯುವುದು, ಊಟಕ್ಕೆ ಕರೆಯುವುದು, ಎಲ್ಲ. ಮಕ್ಕಳಿಗೆ ಸಹಜ ಮಾತೂ ಬೇಕು.

ಇದೇ ವಾರ ಕಳಿಸಿ ಅತ್ತಿಗೆ. ಮುಂದಿನ ವಾರಕ್ಕೆ ಹಾಕಬೇಡಿ. ದನಿ ಹೇಗಿದ್ದರೂ ಪರವಾಗಿಲ್ಲ.

ಚೂಟಿ

೨೬ ಜೂನ್

ಚೂಟಿ,

ಕಳಿಸಿದ್ದೇನೆ. ಸಿಕ್ಕಿತೋ ಇಲ್ಲವೋ ನೋಡು.

ಎರಡು ಮಧ್ಯಾಹ್ನ ಹಿಡಿಯಿತು. ಮಲಗುವ ಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಬೀರುವಿನ ಬಾಗಿಲು ತೆರೆದು ಬಟ್ಟೆಗಳಿಗೆ ಮುಖ ಮಾಡಿ ಕೂತೆ. ಬಟ್ಟೆಯ ಮುಂದೆ ದನಿ ಗುಂಯ್‌ಗುಡುವುದಿಲ್ಲ, ನಿಲ್ದಾಣದ ಎಲೆಕ್ಟ್ರೀಷಿಯನ್ ಹೇಳಿಕೊಟ್ಟದ್ದು. ಕೆಮ್ಮಬಾರದೆಂದು ನಿನ್ನಣ್ಣ ಬಾಯಿಗೆ ಟವಲು ಹಿಡಿದು ಮಂಚದ ಮೇಲೆ ಕೂತಿದ್ದರು. ಊರುಗಳ ಹೆಸರು ಅರ್ಧ ಮುಗಿದಾಗ ಸಾಫ್ಟ್‌ವೇರ್ ತಟಕ್ಕನೆ ಮುಚ್ಚಿಕೊಂಡಿತು. ಮತ್ತೆ ತೆರೆದರೆ, ‘ಹಿಂದಿನದನ್ನು ಉಳಿಸಿಕೊಂಡಿದ್ದೇನೆ, ಬೇಕೇ?’ ಎಂದು ಕೇಳಿತು. ಬೇಕಪ್ಪಾ ಬೇಕು ಎಂದು ಪರದೆಗೆ ಕೈಮುಗಿದೆ. ಅಷ್ಟು ಒಳ್ಳೆಯ ಬುದ್ಧಿಯನ್ನು ನಾನು ಮನುಷ್ಯರಲ್ಲೂ ಕಂಡಿಲ್ಲ.

ದನಿ ಒಡೆದಿದೆ. ಶೀತವಿತ್ತು. ಮಕ್ಕಳು ನಗದ ಹಾಗೆ ನೋಡಿಕೋ.

ನಿನ್ನಣ್ಣನನ್ನು ಬಯ್ಯುವ ಭಾಗ ಉದ್ದವಾಯಿತು. ಓದಲು ಶುರುಮಾಡಿದ ಮೇಲೆ ಎಲ್ಲ ನೆನಪಾಗುತ್ತಾ ಹೋಯಿತು. ಆತ ಮೊದಲು ನಕ್ಕರು, ಆಮೇಲೆ ಟವಲಿನಲ್ಲಿ ಮುಖ ಮುಚ್ಚಿಕೊಂಡರು. ಬಯ್ದರೆ ಇಷ್ಟು ನಾಟುತ್ತದೆ ಎಂದು ತಿಳಿದಿದ್ದರೆ ಮೊದಲೇ ಬಯ್ಯಬಹುದಿತ್ತು.

ನೀನು ಹೇಳಿದ ಮಾತಾಡುವ ಸಾಫ್ಟ್‌ವೇರ್ ಬಹಳ ಚೆನ್ನಾಗಿದೆ. ನಿಜಕ್ಕೂ ಬಹಳ. ಎದೆಯ ಮೇಲಿನ ಒಂದು ಭಾರ ಇಳಿಯಿತು. ಗುಂಡಿಗಳನ್ನೆಲ್ಲ ತುಂಬಿಟ್ಟಿದ್ದೇನೆ.

ಇನ್ನು ಸ್ವಲ್ಪ ದಿನ ನನ್ನ ಇ-ಮೇಲ್ ಬಾರದೆ ಇರಬಹುದು. ಕಣ್ಣಿಗೆ ಔಷಧಿ ಹಾಕಿದರೆ ಪರದೆ ನೋಡಬಾರದಂತೆ. ಗಾಬರಿಯಾಗಬೇಡ. ಏನಿದ್ದರೂ ನಿನ್ನಣ್ಣ ಹೇಳುತ್ತಾರೆ. ಊಟ ತಪ್ಪಿಸಬೇಡ.

ಅತ್ತಿಗೆ

೧೨ ಜುಲೈ

ಅತ್ತಿಗೆ,

ಉತ್ತರ ಬರೆಯಬೇಡಿ. ಓದಲೂ ಬೇಡಿ, ಆ ಯಂತ್ರದ ಕೈಯಲ್ಲಿ ಓದಿಸಿ.

ಇಲ್ಲಿ ಎಲ್ಲ ಚೆನ್ನಾಗಿದೆ. ಲ್ಯಾಬಿನ ಮೂಲೆಯ ಕಂಪ್ಯೂಟರಿನೊಳಗೆ ಹಲ್ಲಿ ಸೇರಿಕೊಂಡಿತ್ತು. ಫ್ಯಾನ್ ಯಾಕೆ ಕಿರುಗುಟ್ಟುತ್ತಿದೆ ಎಂದು ತೆರೆದು ನೋಡಿದರೆ ಬೆಚ್ಚಗೆ ಮಲಗಿದೆ. ಹೆಡ್‌ಮಿಸ್ಟ್ರೆಸ್, “ಇದಕ್ಕೂ ವೈರಸ್ ಅನ್ನುತ್ತಾರಾ?” ಎಂದು ಕೇಳಿದರು. ಹೌದೆಂದೆ. ನಿಮ್ಮ ರೆಕಾರ್ಡಿಂಗ್ ಪೂರ್ತಿ ಸಿಕ್ಕಿದೆ. ಒಂದು ಪದವೂ ಹಾಳಾಗಿಲ್ಲ. ಎರಡು ಕಡೆ ನಕಲು ಇಟ್ಟಿದ್ದೇನೆ.

ಚೆನ್ನಾಗಿ ನಿದ್ದೆ ಮಾಡಿ. ಔಷಧಿ ಹೇಳಿದ ಹೊತ್ತಿಗೆ ತೆಗೆದುಕೊಳ್ಳಿ. ಅಣ್ಣನಿಗೂ ಸ್ವಲ್ಪ ಊಟ ಮಾಡಲು ಹೇಳಿ, ಬಡವಾಗಿದ್ದಾನೆ. ಬಡವಾಗಿರಬಹುದು ಎಂದು ನನ್ನ ಊಹೆ.

ಚೂಟಿ

೨ ಆಗಸ್ಟ್

ಪ್ರೀತಿಯ ಚೂಟಿ,

ಮೊದಲು ಒಳ್ಳೆಯ ಸುದ್ದಿ. ಅದನ್ನು ಓದಿದ ಮೇಲೆ ಬೇಕಾದಷ್ಟು ಬಯ್ಯಿ.

ರಿಪೋರ್ಟ್ ಬಂತು. ಎಲ್ಲ ತೆಗೆದಿದ್ದಾರೆ, ಅಂಚಿನಲ್ಲಿ ಏನೂ ಉಳಿದಿಲ್ಲ, ಬೇರೆಲ್ಲೂ ಹರಡಿಲ್ಲ. ರೇಡಿಯೇಷನ್ ಕರೆಂಟು ಕೊಡುವುದೂ ಬೇಕಿಲ್ಲ. ಡಾಕ್ಟರು ಕಾಗದವನ್ನು ಮೇಜಿನ ಮೇಲಿಟ್ಟು, “ಇನ್ನು ತಪಾಸಣೆಗೆ ಬಂದು ಹೋಗ್ತಾ ಇರಿ, ಅಷ್ಟೇ” ಎಂದರು. ನಿನ್ನಣ್ಣ ಆ ಕಾಗದವನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ಓದಿದರು.

ಈಗ ವಿಷಯ. ನನಗೆ ಕಣ್ಣಿನದೇನೂ ಇರಲಿಲ್ಲ. ಗಂಟಲು. ಮಾವನವರಿಗೆ ಬಂದದ್ದೇ, ಅದೇ ಜಾಗ. ಏಪ್ರಿಲ್‌ನಲ್ಲಿ ದನಿ ಒಡೆಯಿತು. ಮೈಕಿನ ದೋಷವೆಂದು ಎರಡು ಸಲ ಮೈಕು ಬದಲಾಯಿಸಿದರು. ಮೇ ಕೊನೆಗೆ ಗೊತ್ತಾಯಿತು. ಧ್ವನಿಪೆಟ್ಟಿಗೆ ತೆಗೆಯದೆ ದಾರಿಯಿಲ್ಲ, ತೆಗೆದರೆ ಗುಣವಾಗುವ ಭರವಸೆ ಚೆನ್ನಾಗಿದೆ ಎಂದರು. ಆಗ ನಾನು ಮಾಡಿದ ಮೊದಲ ಕೆಲಸ ಕಂಪ್ಯೂಟರ್ ಕೊಂಡದ್ದು. ಮಾವನವರು ಕೊನೆಯ ದಿನಗಳಲ್ಲಿ ಕೈಸನ್ನೆ ಮಾಡಿ, ನಮಗೆ ಅರ್ಥವಾಗದೆ, ಸಿಟ್ಟಾಗಿ ಗೋಡೆಯ ಕಡೆ ತಿರುಗುತ್ತಿದ್ದರಲ್ಲ. ನನ್ನ ಕಣ್ಣ ಮುಂದೆ ಅದೊಂದೇ ಇತ್ತು. ಸತ್ತರೂ ಚಿಂತೆಯಿಲ್ಲ, ಮೂಕಳಾಗಿ ಗೋಡೆಗೆ ತಿರುಗಬಾರದು ಎಂದುಕೊಂಡೆ.

ನಿನಗೆ ಹೇಳಲಿಲ್ಲ. ಮಾವನವರನ್ನು ಆ ವಾರ್ಡಿನಲ್ಲಿ ನೋಡಿಕೊಂಡವಳು ನೀನು. ನಾವು ಬಂದು ಹೋಗುತ್ತಿದ್ದೆವು, ನೀನು ಅಲ್ಲೇ ಇದ್ದೆ. ಆಮೇಲೆ ಒಂದು ವರ್ಷ ನೀನು ಸರಿಯಾಗಿ ಉಣ್ಣಲಿಲ್ಲ. ಮತ್ತೆ ಅದೇ ಬೆಂಚಿನ ಮೇಲೆ ನಿನ್ನನ್ನು ಕೂರಿಸಬೇಡಿ ಎಂದು ನಿನ್ನಣ್ಣನಿಂದ ಮಾತು ತೆಗೆದುಕೊಂಡೆ. ಆತನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ, ಆದರೂ ಈ ಸಲ ಹೇಗೋ ಬಾಯಿಗೆ ಬೀಗ ಹಾಕಿಕೊಂಡರು.

ಆಪರೇಷನ್ ಆದ ಮೇಲಿನ ಮೊದಲ ದಿನಗಳ ನೆನಪು ಸರಿಯಾಗಿಲ್ಲ. ಮೂಗಿನಲ್ಲಿ ನಳಿಗೆ. ಕತ್ತಿನ ಕೆಳಗೆ ಒಂದು ತೂತು, ಈಗ ಉಸಿರಾಟ ಅಲ್ಲಿಂದಲೇ. ಬಾಯಿ ತೆರೆದರೆ ಗಾಳಿಯೂ ಬರುವುದಿಲ್ಲ. ಭಯವಾಯಿತು, ಸುಳ್ಳೇಕೆ ಹೇಳಲಿ. ನಾಲ್ಕನೆಯ ದಿನ ನರ್ಸು ದಿಂಬಿಗೆ ಒರಗಿಸಿ ಕೂರಿಸಿ ಕಂಪ್ಯೂಟರನ್ನು ತೊಡೆಯ ಮೇಲಿಟ್ಟಳು. ನೀನು ಹೇಳಿದಂತೆ ತುಂಬಿಟ್ಟಿದ್ದ ಗುಂಡಿಗಳಲ್ಲಿ ‘ತಲೆದಿಂಬು ಎತ್ತರಿಸಿ’ ಒತ್ತಿದೆ. ಡಬ್ಬದ ದನಿ ಹೇಳಿತು. ನರ್ಸು ಎತ್ತರಿಸಿದಳು. ಅಷ್ಟೇ, ಚೂಟಿ. ನಾನು ಹೇಳಿದೆ, ಇನ್ನೊಬ್ಬರು ಕೇಳಿದರು, ಆಯಿತು. ಅಳು ಬಂತು. ನೋವೇನೋ ಎಂದು ಆಕೆ ಡಾಕ್ಟರನ್ನು ಕರೆಯಹೊರಟಳು. ಅವಳನ್ನು ನಿಲ್ಲಿಸಲು ಗುಂಡಿ ಇರಲಿಲ್ಲ. ಒಂದೊಂದೇ ಅಕ್ಷರ ಒತ್ತಿ ‘ನೋವಲ್ಲ’ ಎಂದು ಬರೆದೆ. ಅಷ್ಟರಲ್ಲಿ ಡಾಕ್ಟರು ಬಂದೇಬಿಟ್ಟಿದ್ದರು.

ಕೆಲಸದ ವಿಷಯ ಗೊತ್ತಿಲ್ಲ. ಮ್ಯಾನೇಜರು ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ. ಮರೆತುಹೋದ ಸಾಮಾನುಗಳ ಕೋಣೆಯಲ್ಲಿ ಒಂದು ಕುರ್ಚಿ ಇದೆ ಎಂದರು. ಕೊಡೆ, ಟಿಫಿನ್ ಡಬ್ಬಿ ಎಲ್ಲ ಇರುವ ಕಡೆ. ನಾನು ಯೋಚಿಸಿ ಹೇಳುತ್ತೇನೆ ಎಂದು ಬರೆದು ಓದಿಸಿದೆ. ಅದು ನನಗೆ ಸ್ವಲ್ಪ ಚುಚ್ಚಿತು. ಆದರೆ ಬದುಕಿದ್ದೇನೆ. ಬೆಳಿಗ್ಗೆ ಎದ್ದ ಕೂಡಲೇ ಅದೇ ನೆನಪಾಗುತ್ತದೆ, ಆಮೇಲೆ ಉಳಿದದ್ದೆಲ್ಲ ಚಿಲ್ಲರೆ.

ಕ್ಷಮಿಸು ಎನ್ನುವುದಿಲ್ಲ. ಮತ್ತೆ ಹಾಗೆ ಬಂದರೂ ಹೀಗೇ ಮಾಡುತ್ತೇನೆ.

ನಿನ್ನ ಅತ್ತಿಗೆ

೫ ಆಗಸ್ಟ್

ಅತ್ತಿಗೆ,

ರಿಪೋರ್ಟಿನ ಸಾಲನ್ನು ಮೂರು ಸಲ ಓದಿದೆ. ಅಣ್ಣ ಹಿಂದಿನ ದಿನವೇ ಹೇಳಿದ್ದ. ಆದರೂ ನಿಮ್ಮ ಮಾತಿನಲ್ಲಿ ಓದಿದಾಗ ಉಸಿರು ಬಿಟ್ಟೆ.

ಹೌದು, ಹೇಳಿದ್ದ. ನನಗೆ ಜೂನ್‌ನಿಂದಲೇ ಗೊತ್ತು.

ನಿಮ್ಮ ಒತ್ತಿಲ್ಲದ ಇ-ಮೇಲ್ ಬಂದ ಮರುದಿನ ನಿಲ್ದಾಣದ ವಿಚಾರಣೆ ನಂಬರಿಗೆ ಫೋನ್ ಮಾಡಿದೆ, ಸ್ನಾನದ ಮನೆಯಲ್ಲಿಲ್ಲದ ಅತ್ತಿಗೆಯಾದರೂ ಸಿಗುತ್ತಾರೇನೋ ಎಂದು. ಹಿಂದುಗಡೆ ಯಾರೋ ಗಂಡಸು ಊರುಗಳ ಹೆಸರನ್ನು ನುಂಗಿ ನುಂಗಿ ಕೂಗುತ್ತಿದ್ದ. ಎತ್ತಿದವರು, “ಅಮ್ಮಾವ್ರು ರಜೇಲಿದ್ದಾರೆ. ಗಂಟಲು ಆಪರೇಷನ್ನಂತೆ. ಪಾಪ, ದನೀನೇ ಹೋಗುತ್ತಂತೆ” ಎಂದರು. ನಾನು ಲ್ಯಾಬಿನ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕೂತೆ. ಆಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಆಗಲೂ ಮೊದಲು ಸ್ನಾನ ಎಂದ. ಆಪರೇಷನ್ ಯಾವತ್ತು ಎಂದು ಕೇಳಿದೆ. ಅವನು ಅತ್ತ. ನಿಮಗೆ ಕೊಟ್ಟ ಮಾತು ಮುರಿದದ್ದಕ್ಕೆ ಅತ್ತನೋ, ನಿಮಗಾಗಿ ಅತ್ತನೋ, ಅವನಿಗೇ ಗೊತ್ತಿರಲಿಲ್ಲ. ನನಗೆ ಗೊತ್ತಾದದ್ದನ್ನು ನಿಮಗೆ ಹೇಳಬಾರದೆಂದು ನಾನೂ ಒಂದು ಮಾತು ತೆಗೆದುಕೊಂಡೆ. ಒಂದು ಮಾತನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲಾರದ ಮನುಷ್ಯ ಎರಡು ತಿಂಗಳು ಎರಡೂ ಕಡೆಯ ಗುಟ್ಟು ಹೊತ್ತಿದ್ದಾನೆ. ಅವನಿಗೆ ಸ್ವಲ್ಪ ಒಳ್ಳೆಯ ಮಾತಾಡಿ.

ಧ್ವನಿಮುದ್ರಣದ ಪಾಠ ನಮ್ಮ ಶಾಲೆಯಲ್ಲಿಲ್ಲ. ಆ ದನಿ ನನಗೆ ಬೇಕಿತ್ತು, ನಿಮಗಾಗಿ. ಕೇಳಿದ್ದರೆ ‘ಒಡೆದ ದನಿ ಯಾಕೆ’ ಎಂದು ನೀವು ಒಪ್ಪುತ್ತಿರಲಿಲ್ಲ. ಎಲ್ಲ ಪದಗಳನ್ನೂ ಬಿಡಿಸಿ, ಕೆಮ್ಮು ತೆಗೆದು, ಹೆಸರು ಕೊಟ್ಟು ಇಟ್ಟಿದ್ದೇನೆ. ಇದರ ಜೊತೆ ಒಂದು ಸಾಫ್ಟ್‌ವೇರ್ ಕಳಿಸುತ್ತಿದ್ದೇನೆ, ಇದು ಅಂಗಡಿಯದಲ್ಲ, ಕುಳಿತು ನಾನೇ ಮಾಡಿದ್ದು. ಬಸ್ಸಿನ ಊರು, ಪ್ಲಾಟ್‌ಫಾರ್ಮ್, ಹೊತ್ತು ಆರಿಸಿದರೆ ನಿಮ್ಮ ದನಿಯಲ್ಲೇ ಪೂರ್ತಿ ಪ್ರಕಟಣೆ ಬರುತ್ತದೆ. ನಿಲ್ದಾಣದ ಮೈಕಿನ ತಂತಿಯನ್ನು ಕಂಪ್ಯೂಟರಿಗೆ ಹೇಗೆ ಜೋಡಿಸುವುದೆಂದು ಎಲೆಕ್ಟ್ರೀಷಿಯನ್ನರಿಗೆ ಬೇರೆ ಬರೆದಿದ್ದೇನೆ. ಮ್ಯಾನೇಜರಿಗೆ ಒಂದು ಸಲ ಕೇಳಿಸಿ. ಆಮೇಲೆ ಕೊಡೆ, ಡಬ್ಬಿಗಳ ಮಾತಾಡಲಿ.

ಇನ್ನೊಂದು ಉಳಿದಿದೆ. ಆಪರೇಷನ್ ದಿನ ನಾನು ಬಂದಿದ್ದೆ.

ಬಸ್ಸು ಆಸ್ಪತ್ರೆಯ ಮುಂದೆ ತಿರುಗಿದಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ ಅಂದುಕೊಂಡಿದ್ದೆ. ಆದರೆ ಇಳಿಯಬೇಕಿತ್ತಲ್ಲ, ತೆರೆದೇ ಇಟ್ಟೆ. ಅದೇ ಮಹಡಿ. ಅಪ್ಪ ಇದ್ದ ವಾರ್ಡಿನ ಬಾಗಿಲು ಬೆಂಚಿನ ಎದುರಿಗೇ. ಅಲ್ಲಿ ಈಗ ಯಾರೋ ಬೇರೆಯವರ ಚಪ್ಪಲಿಗಳಿದ್ದವು. ಅಣ್ಣನಿಗೆ ಕಾಫಿ ತಂದುಕೊಟ್ಟೆ, ಕುಡಿಯಲಿಲ್ಲ, ನಾನೇ ಎರಡೂ ಕುಡಿದೆ. ಸರ್ಜನ್ ಹೊರಗೆ ಬಂದು, “ಚೆನ್ನಾಗಾಯ್ತು” ಎಂದರು. ಅಣ್ಣ ಕುಸಿದು ಕೂತ. ನಾನು ನಿಂತೇ ಇದ್ದೆ ಅತ್ತಿಗೆ. ಏನೇನು ಔಷಧಿ, ಯಾವಾಗ ನೋಡಬಹುದು ಎಂದು ಕೇಳುತ್ತಿದ್ದೆ. ಸಂಜೆ ಗಾಜಿನಾಚೆಯಿಂದ ನಿಮ್ಮನ್ನು ನೋಡಿದೆ, ನಿಮ್ಮ ಎದೆ ಏರಿ ಇಳಿಯುವುದನ್ನು. ನೀವು ಎಚ್ಚರಾದಾಗ ನಾನು ಕಂಡರೆ, ಮಾತಾಡಲಾಗದ ಸ್ಥಿತಿಯಲ್ಲೂ ನನ್ನನ್ನು ಸಮಾಧಾನಪಡಿಸುವ ಕೆಲಸ ಮೈಮೇಲೆ ಹಾಕಿಕೊಳ್ಳುತ್ತಿದ್ದಿರಿ. ಅದಕ್ಕೇ ಹೊರಟುಬಂದೆ.

ನಾನು ಮುರಿದುಹೋಗುತ್ತೇನೆ ಎಂದು ನೀವು ಹೆದರಿದಿರಿ. ನಾನೂ ಹಾಗೇ ನಂಬಿದ್ದೆ. ಹಾಗಾಗಲಿಲ್ಲ. ಅದೊಂದು ಭಯ ಇಬ್ಬರಿಗೂ ಹೋಯಿತು.

ಚೂಟಿ

೨೧ ಸೆಪ್ಟೆಂಬರ್

ಚೂಟಿ,

ಆ ಇ-ಮೇಲ್ ಓದಿದ ದಿನ ನಿನ್ನಣ್ಣನನ್ನು ಎದುರಿಗೆ ಕೂರಿಸಿಕೊಂಡು ಯಂತ್ರದಿಂದ ಒಂದೇ ಸಾಲು ಹೇಳಿಸಿದೆ, “ಎರಡು ದೋಣಿಯ ಕಳ್ಳ.” ಆತ ತಲೆ ತಗ್ಗಿಸಿದರು. ಆಮೇಲೆ ಇಬ್ಬರೂ ನಕ್ಕೆವು. ನನ್ನ ನಗುವಿಗೆ ಈಗ ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತದೆ. ಆತನಿಗೆ ಅದು ಸಾಕಾಗುತ್ತದೆ.

ನಿನಗೆ ಬಯ್ಯಬೇಕೆಂದಿದ್ದೆ. ಗಾಜಿನಾಚೆ ನಿಂತದ್ದನ್ನು ನೆನೆದರೆ ಬಯ್ಯಲು ಬೆರಳು ಏಳಲಿಲ್ಲ.

ನಿನ್ನೆ ಕೆಲಸಕ್ಕೆ ಹೋದೆ. ಗಾಜಿನ ಗೂಡಿಗೇ. ಮ್ಯಾನೇಜರು ಹಿಂದಿನ ವಾರ ನಿನ್ನ ಸಾಫ್ಟ್‌ವೇರ್ ಕೇಳಿದವರೇ ಎದ್ದು ಹೊರಗೆ ಹೋದರು. ಸಿಟ್ಟೆಂದುಕೊಂಡೆ. ಪ್ಲಾಟ್‌ಫಾರ್ಮಿನ ಕೊನೆಯವರೆಗೆ ನಡೆದು, ಅಲ್ಲಿಂದ ಕೈ ಎತ್ತಿ ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ಅಲ್ಲಿಗೂ ಕೇಳುತ್ತದೆಯೋ ನೋಡಲು ಹೋಗಿದ್ದರು. ವಾಪಸ್ ಬಂದು, “ಒಂದು ತಿಂಗಳು ನೋಡೋಣ. ನನಗೇನೋ ನಡೆಯುತ್ತೆ ಅನ್ಸುತ್ತೆ” ಎಂದರು.

ಕತ್ತಿಗೆ ತೆಳು ಬಟ್ಟೆ ಸುತ್ತಿಕೊಂಡು ಕೂತೆ. ಮೊದಲ ಬಸ್ಸು ಆರಿಸಿ ಒತ್ತಿದೆ. ನನ್ನದೇ ದನಿ ಕಂಬ ಕಂಬದಿಂದ ಬಂತು. ಇಷ್ಟು ವರ್ಷ ಒಳಗಿದ್ದು ಮಾತಾಡಿದವಳು ಮೊದಲ ಸಲ ಹೊರಗಿನವಳ ಹಾಗೆ ಕೇಳಿದೆ. ಚೆನ್ನಾಗಿತ್ತು ಕಣೇ, ನಾನೇ ಹೇಳಿಕೊಳ್ಳುತ್ತೇನೆ. ಒಬ್ಬ ಡ್ರೈವರು ಕಿಟಕಿಯ ಹತ್ತಿರ ಬಂದು, “ಬಂದ್ರಾ ಅಕ್ಕಾ? ದನಿ ಸ್ವಲ್ಪ ಒಡೆದಿದೆ. ಬಿಸಿನೀರು ಕುಡೀರಿ, ಸರಿಹೋಗುತ್ತೆ” ಎಂದ. ಕೈ ಬೀಸಿದೆ. ಇಡೀ ದಿನ ಯಾಕೆ ಹೇಳುತ್ತಾ ಕೂರಲಿ.

ಮಧ್ಯಾಹ್ನ ಒಂದು ಅನಾಹುತವಾಯಿತು. ಬೆರಳು ಜಾರಿ ಮನೆಯ ಮಾತಿನ ಕಡತ ತೆರೆದುಕೊಂಡಿತು. ‘ಎಷ್ಟು ಸಲ ಕರೀಬೇಕು ನಿಮ್ಮನ್ನ, ಎಲ್ಲ ಆರಿಹೋಗ್ತಿದೆ, ಬಂದು ಉಣ್ಣಿ’ ಎಂದು ನಿಲ್ದಾಣದ ಉದ್ದಗಲಕ್ಕೂ ಮೊಳಗಿತು. ಬಸ್ಸು ಹತ್ತುತ್ತಿದ್ದವರು ನಿಂತರು. ಟೀ ಅಂಗಡಿಯವರು ಚಪ್ಪಾಳೆ ತಟ್ಟಿದರು. ಮೂವರು ಕಂಡಕ್ಟರುಗಳು ಗೂಡಿನ ಮುಂದೆ ಬಂದು ಊಟ ಎಲ್ಲಿ ಎಂದು ಕೇಳಿದರು. ಮ್ಯಾನೇಜರು ಬಂದಾಗ ಕೆಲಸ ಹೋಯಿತು ಎಂದುಕೊಂಡೆ. ಅವರು ನಗು ತಡೆಯಲಾರದೆ ಬಾಗಿಲಿನಿಂದಲೇ ಹಿಂದಿರುಗಿದರು. ಆ ಕಡತವನ್ನು ಬೇರೆ ಕಡೆ ಇಡುವುದು ಹೇಗೆಂದು ಬರೆ. ಅಳಿಸುವುದು ಮಾತ್ರ ಬೇಡ.

ಭಾನುವಾರ ಸಂಜೆ ಫೋನ್ ಮಾಡು. ಈ ಸಲ ನಾನೇ ಎತ್ತುತ್ತೇನೆ. ಬರೆದು ಹೇಳಿಸಲು ಹೊತ್ತು ಹಿಡಿಯುತ್ತದೆ. ಲೈನ್ ಹೋಯಿತೆಂದು ಇಟ್ಟುಬಿಡಬೇಡ.

ಅತ್ತಿಗೆ

೨೫ ಸೆಪ್ಟೆಂಬರ್

ಅತ್ತಿಗೆ,

ಫೋನ್ ಇಟ್ಟು ಸ್ವಲ್ಪ ಹೊತ್ತಾಯಿತು. ಕೂತು ಬರೆಯುತ್ತಿದ್ದೇನೆ, ಬರೆಯದೆ ಇರಲಾಗಲಿಲ್ಲ.

ಯಂತ್ರದ ದನಿ ಕೇಳಿ ಬೇಸರವಾಗುತ್ತದೆ ಎಂದು ಹೆದರಿದ್ದೆ. ಅದು ನನ್ನನ್ನು ‘ಚೂ ಟಿ’ ಎಂದು ಎರಡು ತುಂಡು ಮಾಡಿ ಕರೆದಾಗ ಒಂದು ಕ್ಷಣ ಹಾಗೇ ಆಯಿತು. ಆಮೇಲೆ ಆ ದನಿಯ ಕಡೆ ಗಮನ ಹೋಗಲಿಲ್ಲ. ಅದಕ್ಕೂ ಮೊದಲು ನಿಮ್ಮ ಕೀಲಿಗಳ ಸದ್ದು ಕೇಳಿಸುತ್ತಿತ್ತು. ತಡೆದು ತಡೆದು ಅಲ್ಲ, ಪಟಪಟ ಎಂದು, ನೀವು ಮಾತಾಡುತ್ತಿದ್ದ ವೇಗದಲ್ಲೇ. ಎಲ್ಲಿ ನಗುತ್ತಿದ್ದೀರಿ ಎಂದೂ ತಿಳಿಯುತ್ತಿತ್ತು, ಅಲ್ಲಿ ಬೆರಳುಗಳು ಎಡವುತ್ತಿದ್ದವು.

ಮುಂದಿನ ಶನಿವಾರ ಬರುತ್ತೇನೆ ಎಂದೆನಲ್ಲ, ಆಗ ಸದ್ದು ಒಮ್ಮೆಲೇ ನಿಂತಿತು. ಆಮೇಲೆ ಜೋರಾಗಿ ಏನೋ ಬರೆದಿರಿ. ಮತ್ತೆ ನಿಂತಿತು. ಒಂದೇ ಕೀಲಿ ಟಕ್ ಟಕ್ ಟಕ್ ಎಂದು ಎಲ್ಲವನ್ನೂ ಅಳಿಸಿತು. ಕೊನೆಗೆ ಯಂತ್ರ ಇಷ್ಟೇ ಹೇಳಿತು, “ಬೆಳಗಿನ ಬಸ್ಸಿಗೇ ಬಾ. ಕಿಟಕಿ ಪಕ್ಕ ಕೂತ್ಕೋ.”

ಅಳಿಸಿದ್ದು ಏನೆಂದು ನಾನು ಕೇಳುವುದಿಲ್ಲ. ಬೆಳಗಿನ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಕಿಟಕಿ ಪಕ್ಕದ್ದೇ.

ಚೂಟಿ